ಸುರುಳಿಯ ಹಿಂಬದಿ

ಹತ್ತನೆಯ ತಿಂಗಳು, ೪

ಅರಮನೆಯಿಂದ ಆಜ್ಞೆ ಬಂತು. ಹೊಸವರ್ಷದ ಏಳನೆಯ ದಿನದ ಬಿಳಿ ಕುದುರೆ ಉತ್ಸವಕ್ಕೆ ಈ ಸಲ ಮುಂದಾಳಾಗಿ ನಿಲ್ಲಬೇಕಾದವನು ನಮ್ಮ ಹಗಿದೊನೊ ಮನೆಯ ಮೊರೊಯಾಸು. ಹತ್ತೊಂಬತ್ತು ವರ್ಷಗಳ ನಂತರ ನಮ್ಮ ಮನೆಯ ಹೆಸರು ಆ ಕಾಗದದ ಮೇಲೆ ಬಂದಿದೆ. ಅದನ್ನು ಹಣೆಗೊತ್ತಿಕೊಂಡು ಬುದ್ಧನ ಮುಂದಿಟ್ಟು ಬಂದು ಕುಳಿತಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ, ಓದುವವಳು ನಾನೊಬ್ಬಳೇ.

ಇದು ಎಂಥ ಆಜ್ಞೆ ಎಂದು ಹುಡುಗನಿಗೆ ಅರ್ಥವಾಗಿದೆಯೋ ಇಲ್ಲವೋ. ನಮ್ಮಜ್ಜ ರಾಜಪ್ರತಿನಿಧಿಯಾಗಿದ್ದವರು. ಅಪ್ಪನಿಗೆ ಕಣ್ಣು ಮಂಜಾಗಿ ಆ ಸ್ಥಾನ ತಪ್ಪಿತು. ತಮ್ಮ ಫುಸಾನೊರಿಗೆ ಬರುವುದರಲ್ಲಿತ್ತು, ಮಾಕಿದೊನೊ ಮನೆಯವರು ಬರಗೊಡಲಿಲ್ಲ. ಅವರದೂ ನಮ್ಮದೂ ಒಂದೇ ರಕ್ತ, ಬೀದಿ ಮಾತ್ರ ಬೇರೆ. ಈಗ ಫುಸಾನೊರಿಯ ಮಗ ಮೊರೊಯಾಸುವಿಗೂ ತಪ್ಪಿತೆಂದರೆ ಮೂರು ತಲೆಮಾರಾಯಿತು. ಮೂರು ತಲೆಮಾರು ಚಕ್ರವರ್ತಿಯ ಪಕ್ಕದಲ್ಲಿ ಕೂರದ ಮನೆಯನ್ನು ಆಮೇಲೆ ಯಾರೂ ಆ ಸ್ಥಾನಕ್ಕೆ ಎಣಿಸುವುದಿಲ್ಲ. ಒಂದು ದೊಡ್ಡ ಉತ್ಸವವನ್ನು ತಪ್ಪಿಲ್ಲದೆ ನಡೆಸಿ ತೋರಿಸಿದವನಿಗಷ್ಟೇ ಮುಂದಿನ ಮೆಟ್ಟಿಲು.

ಸಿಹಿ ಸುದ್ದಿ ಹೇಳಿದರೆ ಅವನು ಗಂಜಿಯ ಬಟ್ಟಲು ಕೆಳಗಿಟ್ಟ.

"ಅತ್ತೆ, ನನ್ನ ಕಾಲು?"

"ಕಾಲಿಗೇನಾಗಿದೆ?"

"ಹೋದ ತಿಂಗಳು ಕುದುರೆಯಿಂದ ಬಿದ್ದಿದ್ದು ಮರೆತೇಬಿಟ್ರಾ? ಎಡಮೊಣಕಾಲು ಮಡಚೋಕೇ ಆಗಲ್ಲ."

"ಮೂರು ತಿಂಗಳಿದೆ. ಮಡಚುತ್ತೆ."

ಇಪ್ಪತ್ನಾಲ್ಕು ವರ್ಷದ ಗಂಡಸು. ಅಪ್ಪ ಸತ್ತಾಗ ಹತ್ತು ವರ್ಷದವನು, ಅಂದಿನಿಂದ ನಾನೇ ಗುರು. ನಾನು ಹೇಳಿದರೆ ಮಡಚಲೇಬೇಕು.

ಹತ್ತನೆಯ ತಿಂಗಳು, ೭

ಅಭ್ಯಾಸ ಶುರು. ಉದ್ದನೆಯ ಪಡಸಾಲೆಯೇ ಅರಮನೆಯ ಅಂಗಳ, ಒಂದು ದಿಂಬೇ ಮೆಟ್ಟಿಲ ಬುಡದ ಕಲ್ಲು. ಗಾಡಿ ಹೊಡೆಯುವ ಕಾಮೆಮಾರು ಚಕ್ರವರ್ತಿಯಾಗಿ ಕುಳಿತ. ಐವತ್ತು ದಾಟಿದರೂ ಎತ್ತಿನವರ ಪದ್ಧತಿಯಂತೆ ಹುಡುಗರ ಹಾಗೆ ಜಡೆ ಬಿಟ್ಟವನು, ಗದ್ದದಲ್ಲಿ ಬಿಳಿ ಗಡ್ಡ. ನನ್ನ ಸೇವಕಿ ಓಮಿ ಮೈಮೇಲೆ ಬಿಳಿ ಹೊದಿಕೆ ಎಳೆದುಕೊಂಡು ಕುದುರೆಯಾದಳು.

"ಇಪ್ಪತ್ತೊಂದು ಕುದುರೆ ಬರಬೇಕಂತೆ, ನಾನೊಬ್ಬಳೇ ಎಷ್ಟು ಸಲ ಸುತ್ತಲಿ?" ಅಂದಳು.

"ನಿನ್ನ ಬಾಯಿ ಇಪ್ಪತ್ತು ಕುದುರೆಗೆ ಸಮ, ಲೆಕ್ಕ ಸರಿಹೋಯ್ತು" ಅಂದ ಚಕ್ರವರ್ತಿ.

ನಗು ಸಾಕು ಎಂದು ಗದರಿಸಿದೆ. ಉಳಿದ ಮನೆಯವರೆಲ್ಲ ಕಲ್ಲಿನ ಬಳಿ ನಿಂತೇ ನಮಸ್ಕರಿಸಿ ಮೆಟ್ಟಿಲು ಹತ್ತುತ್ತಾರೆ. ನಮ್ಮದು ಹಾಗಲ್ಲ. ಎಡಮೊಣಕಾಲೂರಿ, ಮೂರು ಉಸಿರಿನಷ್ಟು ಹೊತ್ತು ತಲೆ ತಗ್ಗಿಸಿ, ಕೈ ಊರದೆ ಏಳಬೇಕು. ಮುತ್ತಜ್ಜನ ದಿನಚರಿಯಲ್ಲಿ ಹಾಗೇ ಇದೆ. ಯಾವ ಹಬ್ಬದಲ್ಲಿ ಯಾವ ಹೆಜ್ಜೆ, ಯಾವ ಮಾತು ಎಂದು ಹಿರಿಯರು ಬರೆದಿಟ್ಟದ್ದೇ ನಮ್ಮಂಥ ಮನೆಗಳ ನಿಜವಾದ ಆಸ್ತಿ. ಅದನ್ನು ಪಕ್ಕದ ಮನೆಗೆ ತೋರಿಸುವುದಿಲ್ಲ, ಅದರಲ್ಲಿ ಇದ್ದದ್ದನ್ನು ಬಿಡುವುದೂ ಇಲ್ಲ.

ಮೊರೊಯಾಸು ಊರಿದ. ಏಳಲಾಗಲಿಲ್ಲ. ಕೈ ಊರಿ ಎದ್ದ.

ಹತ್ತನೆಯ ತಿಂಗಳು, ೯

ಇಂದು ಹನ್ನೊಂದು ಸಲ ಮಾಡಿಸಿದೆ. ಹನ್ನೊಂದನೆಯ ಸಲ ಪಕ್ಕಕ್ಕೆ ಉರುಳಿಬಿದ್ದ, ಟೋಪಿ ಒಂದು ಕಡೆ, ಇವನು ಒಂದು ಕಡೆ.

"ಆಗಲ್ಲ ಅತ್ತೆ. ಕಾಯಿಲೆ ಅಂತ ಅರಮನೆಗೆ ಬರೆದುಬಿಡ್ತೀನಿ. ಬೆಟ್ಟದ ಮಠಕ್ಕೆ ಹೋಗಿ ತಲೆ ಬೋಳಿಸ್ಕೊಂಡು ಆರಾಮಾಗಿರ್ತೀನಿ."

"ನಿಮ್ಮಪ್ಪ ಆ ಕಲ್ಲಿನ ಬಳಿ ಮೊಣಕಾಲೂರಿದಾಗ ಮಾಕಿದೊನೊದವರು ಬಾಯಿಗೆ ತೋಳು ಅಡ್ಡ ಹಿಡಿದು ನಕ್ಕರು. ಅವನು ಅಳುಕಲಿಲ್ಲ."

"ಅಳುಕ್ಲಿಲ್ಲ, ಸರಿ. ಮತ್ತೆ ಆಮೇಲೆ ಐದು ವರ್ಷ, ಸಾಯೋವರೆಗೂ, ಮನೆ ಬಿಟ್ಟು ಹೊರಗೇ ಬರಲಿಲ್ಲವಲ್ಲ?"

ಹನ್ನೆರಡನೆಯ ಸಲ ಮಾಡು ಎಂದೆ.

ಹತ್ತನೆಯ ತಿಂಗಳು, ೧೫

ಜ್ಯೋತಿಷಿಯ ಮಾತಿನಂತೆ ಇಂದು ಮನೆ ಮುಚ್ಚಿಕೊಂಡಿರಬೇಕಾದ ದಿನ. ಬಾಗಿಲಿಗೆ ಚೀಟಿ ಅಂಟಿಸಿ ಒಳಗೇ ಕುಳಿತಿದ್ದೇವೆ. ಅಭ್ಯಾಸವೂ ಇಲ್ಲ. ಮುತ್ತಜ್ಜನ ದಿನಚರಿಯ ಪ್ರತಿಯನ್ನು ತೆಗೆದು ಬಿಡಿಸಿದೆ.

ಇದು ನನ್ನ ಕೈಬರಹ, ಹದಿನಾರು ವರ್ಷದವಳದು. ಅಜ್ಜ ತೀರಿಕೊಂಡ ಮೇಲೆ ಅಜ್ಜನ ತಮ್ಮ, ಅಂದರೆ ಮಾಕಿದೊನೊದ ಮೊದಲ ಯಜಮಾನ, ಮುತ್ತಜ್ಜನ ಮೂಲ ಸುರುಳಿಗಳು ತನಗೆ ಸೇರಬೇಕೆಂದು ದೂರು ಕೊಟ್ಟು ಗೆದ್ದ. ಒಪ್ಪಿಸಲು ಹನ್ನೆರಡು ದಿನ ಗಡುವು. ಅಪ್ಪನಿಗೆ ಕಣ್ಣು ಕಾಣದು, ಬರೆಯುವವರನ್ನು ಹೊರಗಿನಿಂದ ಕರೆದರೆ ಗುಟ್ಟು ಉಳಿಯದು. ಆಗ ಪರದೆಯ ಹಿಂದಿನಿಂದ ನಾನು "ಅಪ್ಪ, ನನಗೆ ಬರುತ್ತೆ" ಅಂದೆ. ಗಂಡಸರ ಅಕ್ಷರವನ್ನು, ಅಂದರೆ ದಿನಚರಿ ಬರೆಯುವ ಚೀನೀ ಲಿಪಿಯನ್ನು, ಹೆಣ್ಣುಮಕ್ಕಳಿಗೆ ಯಾರೂ ಕಲಿಸುವುದಿಲ್ಲ. ಫುಸಾನೊರಿಗಿಂತ ಮುಂಚೆ ಹುಟ್ಟಿ ಸತ್ತ ಅಣ್ಣನಿಗೆ ಪಾಠ ಹೇಳುವಾಗ ಗೋಡೆಯಾಚೆ ಕುಳಿತು, ಬೂದಿಯ ಮೇಲೆ ಬೆರಳಿನಿಂದ ಬರೆದು ಕಲಿತದ್ದು. ಅಪ್ಪ "ಮಸಿ ತೇಯಿ" ಅಂದರು.

ಹನ್ನೆರಡು ದಿನ, ನಲವತ್ತೊಂದು ಸುರುಳಿ. ಬರೆದದ್ದರಲ್ಲಿ ಒಂದಕ್ಷರ ಬಿಟ್ಟಿಲ್ಲ. ಈ ಜನ್ಮದಲ್ಲಿ ನಾನು ಮಾಡಿದ ದೊಡ್ಡ ಕೆಲಸ ಇದೊಂದೇ.

ಹತ್ತನೆಯ ತಿಂಗಳು, ೨೧

ಮೊಣಕಾಲು ಬಾತು ಕುಂಬಳಕಾಯಿಯಾಗಿದೆ. ಓಮಿ ಬಿಸಿ ಉಪ್ಪಿನ ಗಂಟು ಇಡುತ್ತಾ ನನ್ನ ಕಡೆ ನೋಡದೆ ಮಾತಾಡಿದಳು.

"ಮುತ್ತಜ್ಜನಿಗೂ ಒಂದೊಂದು ವರ್ಷ ಕಾಲು ನೋವು ಬಂದಿರ್ಬೇಕಲ್ವಾ? ಆಗ ಏನ್ ಮಾಡಿದ್ರೋ. ಪುಸ್ತಕದಲ್ಲಿ ಇಲ್ವಾ?"

"ನಮ್ಮ ಪ್ರತಿಯಲ್ಲಿ ಇಲ್ಲ. ಕೊನೆಯ ಹತ್ತು ವರ್ಷದ ಸುರುಳಿ ಬರೆಯೋಕೆ ಗಡುವು ಸಾಲಲಿಲ್ಲ."

"ಮೂಲ ಇರೋರನ್ನ ಕೇಳ್ಬಹುದು."

"ಯಾರನ್ನ?"

"ಗೊತ್ತಿದ್ದೂ ಕೇಳ್ತೀರಲ್ಲ."

ಆಚೆಮನೆಯವಳನ್ನು, ಮಾಕಿದೊನೊ ಸೇರಿದವಳನ್ನು! ಹತ್ತೊಂಬತ್ತು ವರ್ಷದ ಹಿಂದೆ ನಕ್ಕವನ ಹೆಂಡತಿಯನ್ನು! ಅಂದೇ ಅವಳಿಗೆ ಬರೆದು ಕಳಿಸಿದ್ದೆ, ನನಗೆ ತಂಗಿ ಇಲ್ಲ ಎಂದು. ಆ ಮಾತಿನಂತೆ ನಡೆದಿದ್ದೇನೆ. ಓಮಿಗೆ ಇಂದು ಮಾತಾಡಬೇಡ ಎಂದೆ. ಸಂಜೆಯವರೆಗೂ ಮಾತಾಡಲಿಲ್ಲ. ಪಾತ್ರೆಗಳು ಮಾತ್ರ ಎಂದಿಗಿಂತ ಜೋರಾಗಿ ಮಾತಾಡಿದವು.

ಹತ್ತನೆಯ ತಿಂಗಳು, ೨೨

ಒಂದು ಕಾಗದ ಬರೆದೆ. ಹರಿದೆ.

ಹತ್ತನೆಯ ತಿಂಗಳು, ೨೩

ಇನ್ನೊಂದು ಬರೆದು ಕಾಮೆಮಾರುವಿನ ಕೈಯಲ್ಲಿ ಕಳಿಸಿದೆ. ನಾನೇ ಹೋಗೋಣವೆಂದರೆ ಜ್ಯೋತಿಷಿಯ ಲೆಕ್ಕದಲ್ಲಿ ಆಗ್ನೇಯ ದಿಕ್ಕು ನಮಗೆ ಈ ಚಳಿಗಾಲವೆಲ್ಲ ಮುಚ್ಚಿದೆ, ಮಾಕಿದೊನೊ ನಮಗೆ ಸರಿಯಾಗಿ ಆಗ್ನೇಯಕ್ಕೇ ಇದೆ. ಒಳ್ಳೆಯದೇ ಆಯಿತು. ಬರೆದದ್ದು ಇಷ್ಟೆ: "ಮುತ್ತಜ್ಜ ಮುದಿತನದಲ್ಲಿ ಬಿಳಿ ಕುದುರೆ ಉತ್ಸವ ನಡೆಸಿದಾಗ ಕಲ್ಲಿನ ಬಳಿ ಏನು ಮಾಡಿದರೆಂದು ತಿಳಿಯಬೇಕಿತ್ತು. ಕೊಡಲಾಗದಿದ್ದರೆ ಬೇಡ." ಕುಶಲ ಕೇಳಲಿಲ್ಲ. ಬಣ್ಣದ ಕಾಗದವಲ್ಲ, ಬಿಳಿ ಹಾಳೆ. ಕಟ್ಟಿದ್ದು ವಾಡಿಕೆಯ ಹೂಕೊಂಬೆಗಲ್ಲ, ಹೂವಿಲ್ಲದ ಕಡ್ಡಿಗೆ.

ಹತ್ತನೆಯ ತಿಂಗಳು, ೨೮

ಆಚೆಮನೆಯಿಂದ ಉತ್ತರ. ಒಂದು ಬುಟ್ಟಿ ಒಣಗಿಸಿದ ಪರ್ಸಿಮನ್ ಹಣ್ಣು, ಮೇಲೆ ಚೀಟಿ: "ಅಕ್ಕ, ಚಳಿಗಾಲದ ಕೆಮ್ಮು ಈಗಲೂ ಬರುತ್ತಾ? ಇವನ್ನು ಬಿಸಿ ನೀರಲ್ಲಿ ನೆನೆಸಿ ತಿನ್ನು. ಸುರುಳಿ ಹುಡುಕಿಸುತ್ತಿದ್ದೇನೆ. ನಮ್ಮನೆ ಪೆಟ್ಟಿಗೆಗಳ ಬೀಗದ ಕೈ ನನ್ನ ಮಗನ ಹತ್ತಿರ ಇದೆ. ಕೇಳುತ್ತೇನೆ."

ಇಷ್ಟೇ. ಒಂದು ಮಾತು ದೂರಿಲ್ಲ. ದೂರಿದ್ದರೆ ಉತ್ತರ ಕೊಡಬಹುದಿತ್ತು.

ಹಣ್ಣು ಯಾರಿಗೂ ಕೊಡಬೇಡ ಎಂದು ಓಮಿಗೆ ಹೇಳಿದೆ. ಆಮೇಲೆ ನೋಡಿದರೆ ಮೂರು ಕಡಿಮೆ ಇದ್ದವು. ಎರಡು ನಾನೇ ತಿಂದಿದ್ದೆ.

ಹನ್ನೊಂದನೆಯ ತಿಂಗಳು, ೨

ಹಣ್ಣು ಮುಟ್ಟಿತೆಂದು ತಿಳಿಸುವುದು ಮರ್ಯಾದೆ. ಬರೆಯುತ್ತಾ ಹೋದಂತೆ ಎರಡು ಹಾಳೆಯಾಯಿತು. ಕೆಮ್ಮು, ಮೊರೊಯಾಸುವಿನ ಕಾಲು, ಓಮಿ ಕುದುರೆಯಾದದ್ದು. ಕೊನೆಯಲ್ಲಿ ಎಲ್ಲ ಹೊಡೆದುಹಾಕಬೇಕೆನಿಸಿತು, ಕಾಗದ ದುಬಾರಿ ಎಂದು ಹಾಗೇ ಕಳಿಸಿದೆ.

ಹನ್ನೊಂದನೆಯ ತಿಂಗಳು, ೧೧

ಮಾಕಿದೊನೊದಿಂದ ಪೆಟ್ಟಿಗೆ ಬಂತು. ಮೂಲವಲ್ಲ, ಪ್ರತಿ. ತಂಗಿಯ ಕೈಬರಹ. ಚಿಕ್ಕವಳಿದ್ದಾಗ ಬೂದಿಯ ತಟ್ಟೆಯ ಇನ್ನೊಂದು ಬದಿಯಲ್ಲಿ ಕುಳಿತು ನನ್ನನ್ನು ನೋಡಿಯೇ ಕಲಿತವಳು. ಅಕ್ಷರಗಳು ಇನ್ನೂ ನನ್ನವುಗಳ ಹಾಗೆಯೇ ಬಲಕ್ಕೆ ವಾಲುತ್ತವೆ. ಜೊತೆಗೆ ಕಾಗದ:

"ಅಕ್ಕ, ಮುದಿತನದ ಸುರುಳಿಯಲ್ಲಿ ವಿಶೇಷವೇನಿಲ್ಲ, ನಿಂತೇ ನಮಸ್ಕರಿಸಿದ್ದಾರೆ. ಹಾಗಾದರೆ ಮೊಣಕಾಲೂರುವ ಮಾತು ಎಲ್ಲಿಂದ ಬಂತೆಂದು ಹಳೆಯದನ್ನೂ ತೆಗೆಸಿದೆ. ಅವರ ಮೂವತ್ತೆರಡನೆಯ ವಯಸ್ಸಿನ ಸುರುಳಿ. ಮುಂಬದಿ, ಹಿಂಬದಿ ಎರಡನ್ನೂ ಬರೆದಿದ್ದೇನೆ. ಹಿಂಬದಿಯನ್ನು ನೀನು ನೋಡಿರಲಿಕ್ಕಿಲ್ಲ ಎಂದು ಈಗ ಅನ್ನಿಸುತ್ತಿದೆ. ನಮ್ಮ ಗಂಡಸರು ನಿಮ್ಮವರು ಬೇಕೆಂದೇ ಬಿಂಕ ಮಾಡಿದರೆಂದು ತಿಳಿದು ನಕ್ಕರು. ನನಗೆ ಆಗ ಪೆಟ್ಟಿಗೆಯ ಹತ್ತಿರ ಹೋಗಲೂ ಬಿಡುತ್ತಿರಲಿಲ್ಲ."

ಮುಂಬದಿ ನನಗೆ ಬಾಯಿಪಾಠ: "ಕಲ್ಲಿನ ಬಳಿ ಎಡಮೊಣಕಾಲೂರಿದೆ. ಮೂರು ಉಸಿರು. ಎದ್ದೆ. ಮೆಟ್ಟಿಲೇರಿದೆ."

ಹಿಂಬದಿ: "ಮೊಣಕಾಲೂರಿದ್ದು ಜೋಡಿನ ಪಟ್ಟಿ ಬಿಚ್ಚಿದ್ದರಿಂದ. ಅಂಗಿಯಂಚಿನ ಮರೆಯಲ್ಲಿ ಅದನ್ನು ಒಳಗೆ ತೂರಿಸಲು ಮೂರು ಉಸಿರಿನಷ್ಟು ಹೊತ್ತು ಹಿಡಿಯಿತು. ಯಾರೂ ಗಮನಿಸಿದಂತಿಲ್ಲ. ಇದು ಕ್ರಮವಲ್ಲ. ಮಕ್ಕಳು ಅನುಸರಿಸಬಾರದು."

ಬರೆಯುವವರು ಮುಂಬದಿಯಲ್ಲಿ ನಡೆದದ್ದನ್ನೂ, ಮಾತು ಉಳಿದರೆ ಅದೇ ಜಾಗದ ಹಿಂಬದಿಯಲ್ಲಿ ಟಿಪ್ಪಣಿಯನ್ನೂ ಬರೆಯುತ್ತಾರೆ. ಪಾಠ ಹೇಳಿಸಿಕೊಂಡ ಪ್ರತಿ ಹುಡುಗನಿಗೂ ಇದು ಗೊತ್ತು. ಗೋಡೆಯಾಚೆಯಿಂದ ಕಲಿತವಳಿಗೆ ಮಾತು ಕೇಳಿಸುತ್ತದೆ. ಗುರುವಿನ ಕೈ ಸುರುಳಿಯನ್ನು ತಿರುಗಿಸುವುದು ಕಾಣಿಸುವುದಿಲ್ಲ. ಹನ್ನೆರಡು ದಿನ, ನಲವತ್ತೊಂದು ಸುರುಳಿ. ಒಂದನ್ನೂ ನಾನು ತಿರುಗಿಸಿ ನೋಡಲಿಲ್ಲ.

ಹನ್ನೊಂದನೆಯ ತಿಂಗಳು, ೧೨

ಫುಸಾನೊರಿ, ನನ್ನ ತಮ್ಮ, ನನ್ನ ಕಂದ.

ಹನ್ನೊಂದನೆಯ ತಿಂಗಳು, ೧೬

ಇನ್ನೂ ಹೇಳಿಲ್ಲ. ಅಭ್ಯಾಸ ನಡೆಯುತ್ತಲೇ ಇದೆ. ಇಂದು ಅವನು ಕೈ ಊರದೆ ಎದ್ದ, ಮೊದಲ ಸಲ. ಮುಖ ಬೆಳ್ಳಗಾಗಿ, ತುಟಿ ಕಚ್ಚಿಕೊಂಡು ಎದ್ದ. "ನೋಡಿದ್ರಾ ಅತ್ತೆ? ಆಯ್ತು!" ಅಂದ. ಕಾಮೆಮಾರು ಸಿಂಹಾಸನದಿಂದ ಇಳಿದು ಬಂದು ಕುಣಿದ.

ಹೇಳದೆ ಬಿಟ್ಟರೆ? ಅವನು ಮೊಣಕಾಲೂರಿ ಎದ್ದಾನು. ಮಾಕಿದೊನೊದವರು ಮತ್ತೆ ನಕ್ಕಾರು. ಅಪ್ಪನ ಹಾಗೆ ಮಗನೂ ಮನೆ ಸೇರಿಯಾನು. ನನ್ನ ಹನ್ನೆರಡು ದಿನ ಮಾತ್ರ ಹಾಗೆಯೇ ಉಳಿದೀತು. ಹೇಳಿದರೆ? ಈ ಮನೆಯಲ್ಲಿ ನನ್ನನ್ನು ಯಾವ ಮುಖದಿಂದ ನೋಡಿಯಾರು?

ಮುದುಕಿಯ ಮುಖ. ಅದನ್ನು ಯಾರು ತಾನೇ ನೋಡಬೇಕು.

ಹನ್ನೊಂದನೆಯ ತಿಂಗಳು, ೧೭

ಹೇಳಿದೆ.

ಬೆಳಿಗ್ಗೆ ಅವನು ಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಾಗ ತಂಗಿ ಅತ್ಸುಕೊ ಬರೆದ ಪ್ರತಿಯನ್ನು ಮುಂದಿಟ್ಟು, "ಹಿಂಬದಿ ಓದಪ್ಪ" ಅಂದೆ. ಓದಿದ. ತಿರುಗಿಸಿ ಮುಂಬದಿ ಓದಿದ. ಮತ್ತೆ ಹಿಂಬದಿ.

"ಜೋಡಿನ ಪಟ್ಟಿ" ಅಂದ.

"ಹೂಂ."

"ನಲವತ್ತು ದಿನದಿಂದ ನಾನು ಜೋಡಿನ ಪಟ್ಟಿ ಕಟ್ತಾ ಇದೀನಿ."

ನಕ್ಕ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಓಮಿಯೂ ಏನೆಂದು ತಿಳಿಯದೆಯೇ ನಕ್ಕಳು. ಆಮೇಲೆ ಅವನ ನಗು ನಿಂತಿತು.

"ಅಪ್ಪನಿಗೆ ಇದನ್ನ ಕಲಿಸಿದ್ದು ಯಾರು?"

"ನಾನು."

"ಅಪ್ಪ ಸಾಯೋವಾಗಲೂ ತಾನು ಮಾಡಿದ್ದೇ ಸರಿ ಅಂದ್ಕೊಂಡಿದ್ರಾ?"

"ಹೂಂ. ನಾನೂ ಹಾಗೇ ಅಂದ್ಕೊಂಡಿದ್ದೆ. ತಪ್ಪು ನನ್ನದು ಮೊರೊಯಾಸು. ನಿಮ್ಮಪ್ಪನದಲ್ಲ, ಮುತ್ತಜ್ಜನದಲ್ಲ, ಮಾಕಿದೊನೊದವರದೂ ಅಲ್ಲ. ಅವರು ನಗಬಾರದಿತ್ತು, ಆದರೆ ತಪ್ಪು ನನ್ನದು."

ಎದ್ದು, ಕುಂಟುತ್ತಾ ಹೊರಗೆ ಹೋದ. ಗಾಡಿ ಕಟ್ಟಿಸಿದ ಸದ್ದು ಕೇಳಿತು.

ಹನ್ನೊಂದನೆಯ ತಿಂಗಳು, ೧೮

ಬರಲಿಲ್ಲ. ಅತ್ಸುಕೊಗೆ ಎಲ್ಲವನ್ನೂ ಬರೆದೆ. ಏನನ್ನೂ ಬಿಡಲಿಲ್ಲ.

ಹನ್ನೊಂದನೆಯ ತಿಂಗಳು, ೨೦

ಮಧ್ಯಾಹ್ನ ಬಂದ. ಅಪ್ಪನ ಸಮಾಧಿ ಇರುವ ಮಠದಲ್ಲಿದ್ದನಂತೆ. ನನ್ನ ಮುಂದೆ ಬಂದು, ಕಾಲು ಚಾಚಿ ಕುಳಿತು, ಇದ್ದಿಲ ಒಲೆಗೆ ಕೈ ಹಿಡಿದ.

"ಮಠದಲ್ಲಿ ಗಂಜಿ ನೀರಿನ ಹಾಗಿರುತ್ತೆ ಅತ್ತೆ. ತಲೆ ಬೋಳಿಸ್ಕೊಳ್ಳೋ ಯೋಚನೆ ಬಿಟ್ಟೆ."

ಓಮಿ ಓಡಿ ಹೋಗಿ ಊಟ ತಂದಳು. ಅವನು ಉಂಡು ಮುಗಿಸಿದ.

"ಮೂರು ದಿನ ನಿಮ್ಮ ಮೇಲೆ ಕೋಪ ಮಾಡ್ಕೊಳ್ಳೋಕೆ ನೋಡ್ದೆ" ಅಂದ. "ಬಂತು, ಚೆನ್ನಾಗೇ ಬಂತು. ಆದ್ರೆ ಒಂದು ಯೋಚನೆ ಹೋಗಲೇ ಇಲ್ಲ. ಆವತ್ತು ನೀವು 'ನನಗೆ ಬರುತ್ತೆ' ಅನ್ನದೇ ಇದ್ದಿದ್ರೆ ಈ ಮನೇಲಿ ಒಂದು ಸುರುಳೀನೂ ಇರ್ತಿರಲಿಲ್ಲ. ಹಿಂಬದೀನೂ ಇಲ್ಲ, ಮುಂಬದೀನೂ ಇಲ್ಲ."

ನಾನು ಒಲೆಯ ಬೂದಿ ಕೆದಕಿದೆ.

"ಏನ್ ಮಾಡೋಣ ಹೇಳಿ" ಅಂದ.

"ನೀನು ಹೇಳು. ನಿಂತು ನಮಸ್ಕರಿಸಿದರೆ ಹಗಿದೊನೊದವರು ಸೋತು ಮಾಕಿದೊನೊದ ಕ್ರಮ ಹಿಡಿದರು ಅಂತಾರೆ."

"ಅನ್ನಲಿ. ಮೊಣಕಾಲಿಗೆ ಕಿವಿ ಇಲ್ಲ."

ಹನ್ನೆರಡನೆಯ ತಿಂಗಳು, ೧೩

ವರ್ಷಾಂತ್ಯಕ್ಕೆ ಮನೆಯ ಹೊಗೆಮಸಿ ಗುಡಿಸುವ ದಿನ. ಮನೆಯೆಲ್ಲ ಬಿದಿರ ಕೋಲು, ಧೂಳು, ಸೀನು. ಕಾಮೆಮಾರು ತೊಲೆಯ ಮೇಲಿಂದ ಇಳಿದಾಗ ಗಡ್ಡ ಕಪ್ಪಾಗಿ ಇಪ್ಪತ್ತು ವರ್ಷ ಚಿಕ್ಕವನಾಗಿದ್ದ. ಮೊರೊಯಾಸು ಆ ಗಲಾಟೆಯ ನಡುವೆಯೇ ಅಂಗಳದಲ್ಲಿ ನಡೆದ, ನಿಂತ, ನಮಸ್ಕರಿಸಿದ, ಹತ್ತಿದ. ಕುಂಟು ಇನ್ನೂ ಸ್ವಲ್ಪ ಇದೆ. ಅದನ್ನು ಮುಚ್ಚಿಡಲು ನಿಧಾನ ನಡೆಯುತ್ತಾನೆ, ನಿಧಾನಕ್ಕೆ ಒಂದು ಘನತೆ ಬಂದಿದೆ. "ಹೇಗಿತ್ತು?" ಎಂದು ಕೇಳಿದ. ಕಲಿಸಲು ಏನಾದರೂ ಉಳಿದಿದೆಯೇ ಎಂದು ನೋಡಿದೆ, ಉಳಿದಿರಲಿಲ್ಲ. ಧೂಳಿನಿಂದ ಕಣ್ಣು ಉರಿಯುತ್ತಿತ್ತು.

ಅತ್ಸುವಿನಿಂದ ವಾರಕ್ಕೆ ಎರಡು ಕಾಗದ ಬರುತ್ತಿವೆ. ಉಳಿದ ನಲವತ್ತು ಸುರುಳಿಗಳ ಹಿಂಬದಿಗಳನ್ನು ಒಂದೊಂದಾಗಿ ಬರೆದು ಕಳಿಸುತ್ತಿದ್ದಾಳೆ. ಮಗ ಏನೂ ಅನ್ನಲಿಲ್ಲವೇ ಎಂದು ಕೇಳಿದ್ದೆ. "ಬೀಗದ ಕೈ ನನ್ನ ಮುಂದೆ ಇಟ್ಟು, ಸುಮ್ಮನೆ ಹೋದ" ಎಂದು ಬರೆದಿದ್ದಾಳೆ. ಅವಳ ಮಗನೇ ಈಗಿನ ರಾಜಪ್ರತಿನಿಧಿ, ಎಂಟು ವರ್ಷದ ಚಕ್ರವರ್ತಿಯ ಪಕ್ಕದಲ್ಲಿ ಕೂರುವವನು. ಇಷ್ಟು ವರ್ಷ ಅವನನ್ನು ದುರಹಂಕಾರಿ ಎಂದುಕೊಂಡಿದ್ದೆ. ನೋಡಿದ್ದು ಮಾತ್ರ ಒಂದೇ ಸಲ, ತೊಟ್ಟಿಲಲ್ಲಿ.

ಮೊದಲ ತಿಂಗಳು, ೭

ಬೆಳಿಗ್ಗೆ ಏಳು ಸೊಪ್ಪಿನ ಗಂಜಿ. ಮೊರೊಯಾಸು ಎರಡು ತುತ್ತು ಉಂಡ. ಕಪ್ಪು ರೇಷ್ಮೆಯ ಉಡುಪು ತೊಡಿಸುವಾಗ ಓಮಿ ಜೋಡಿನ ಪಟ್ಟಿಯನ್ನು ಎಳೆದೆಳೆದು ನೋಡಿದಳು.

"ಇವತ್ತೇನಾದ್ರೂ ಬಿಚ್ಕೊಂಡ್ರೆ ನೂರು ವರ್ಷ ನಮ್ಮೋರೆಲ್ಲ ಕುಂಟಬೇಕಾಗುತ್ತೆ" ಅಂದಳು. ಅವನು ನಕ್ಕ. ಅದಕ್ಕೇ ಅವಳು ಅಂದದ್ದು.

ಹೆಂಗಸರು ಒಳಗೆ ಹೋಗುವಂತಿಲ್ಲ. ಅರಮನೆಯ ಬಾಗಿಲಾಚೆ ಗೋಡೆಯ ಬುಡದಲ್ಲಿ ನನ್ನ ಗಾಡಿ ನಿಲ್ಲಿಸಿ ಎತ್ತು ಬಿಚ್ಚಿಸಿದೆ. ಬಿಸಿಲಿತ್ತು, ಚಳಿಯೂ ಇತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಗಾಡಿ ಬಂತು, ತಾಳೆಗರಿ ಹೊದಿಸಿದ ದೊಡ್ಡ ಗಾಡಿ. ಮಾಕಿದೊನೊದ ಆಳುಗಳು. ಜಾಗಕ್ಕಾಗಿ ನೂಕಾಡುವುದು ಇವರ ಹಳೆಯ ಚಾಳಿ. ಕಾಮೆಮಾರು ಜಡೆ ಹಿಂದಕ್ಕೆ ಎಸೆದು ಎದ್ದು ನಿಂತ. ಆ ಗಾಡಿ ನೂಕಲಿಲ್ಲ, ನಮ್ಮದರ ಪಕ್ಕಕ್ಕೆ ಒರಗಿಕೊಂಡು ನಿಂತಿತು. ಎರಡು ಪರದೆಗಳ ನಡುವೆ ಒಂದು ಗೇಣು.

"ಅಕ್ಕ, ಇದ್ದೀಯಾ?"

ಹತ್ತೊಂಬತ್ತು ವರ್ಷದ ನಂತರವೂ ಅದೇ ದನಿ, ಮೂಗು ಕಟ್ಟಿದ ಹಾಗೆ.

"ಇದ್ದೀನಿ. ನೆಗಡಿಯಾ?"

"ನನಗೆ ಯಾವಾಗ ನೆಗಡಿ ಇರಲಿಲ್ಲ?"

ಪರದೆಯ ಕೆಳಗಿನಿಂದ ಒಂದು ಕೈ ಬಂತು. ಮುದುಕಿಯ ಕೈ, ಬೆರಳ ತುದಿಯಲ್ಲಿ ಮಸಿ. ಹಿಡಿದುಕೊಂಡೆ. ಅವಳ ಗಂಡ ನಕ್ಕದ್ದರ ಬಗ್ಗೆ ಅವಳೇನೂ ಹೇಳಲಿಲ್ಲ, ತಂಗಿ ಇಲ್ಲ ಎಂದು ಬರೆದದ್ದರ ಬಗ್ಗೆ ನಾನೂ ಹೇಳಲಿಲ್ಲ. ಹಲ್ಲು ಎಷ್ಟು ಉಳಿದಿವೆ ಎಂದು ಲೆಕ್ಕ ಒಪ್ಪಿಸಿಕೊಂಡೆವು. ಅವಳಿಗೆ ನನಗಿಂತ ನಾಲ್ಕು ಕಡಿಮೆ.

ಒಳಗಿನ ಸುದ್ದಿಯನ್ನು ಕಾವಲುಗಾರರಿಂದ ಕೇಳಿ ಕಾಮೆಮಾರು ತಂದು ಹೇಳುತ್ತಿದ್ದ. ಒಳಗೆ ಹೋದ್ರು. ಕಲ್ಲಿನ ಹತ್ತಿರ ಬಂದ್ರು. ನಾನು ಅತ್ಸುವಿನ ಕೈಯನ್ನು ಹಿಂಡಿದೆನಂತೆ, ಆಮೇಲೆ ಅವಳು ದೂರಿದಳು.

"ನಿಂತೇ ನಮಸ್ಕಾರ ಮಾಡಿದ್ರು! ಯಾರೋ ಮುದುಕರು 'ಹಗಿದೊನೊ ಬದಲಾಯ್ತು' ಅಂತ ಪಿಸುಗುಟ್ಟಿದ್ರಂತೆ, ಅಷ್ಟೇ. ಮೆಟ್ಟಿಲು ಹತ್ತಿದ್ರು!"

ಇನ್ನು ಭಯವಿಲ್ಲ ಎಂದುಕೊಂಡೆ. ಆಗ ಕುದುರೆಗಳ ಗೊರಸಿನ ಸದ್ದು ಕೇಳಿತು. ಕ್ರಮ ಹಾಗಲ್ಲ. ಮೊದಲು ಎಲ್ಲರಿಗೂ ಮದ್ಯದ ಬಟ್ಟಲು, ಆಮೇಲೆ ಕುದುರೆ. ಬಟ್ಟಲು ಹೋಗುವಷ್ಟು ಹೊತ್ತು ಇನ್ನೂ ಆಗಿರಲಿಲ್ಲ.

"ಬೇಗ ಆಯ್ತು" ಅಂದಳು ಅತ್ಸು, ನಿಧಾನವಾಗಿ.

"ಬಟ್ಟಲು ಮರೆತಿದ್ದಾನೆ."

ಒಂದು ಬಿಳಿ ಕುದುರೆಯ ಕೆನೆತ. ಅದರ ಹಿಂದೆಯೇ ಒಳಗಿನಿಂದ ಏನೋ ಗದ್ದಲ, ನಗು. ನಗು ಕೇಳಿದ ಕೂಡಲೇ ನನಗೆ ಹತ್ತೊಂಬತ್ತು ವರ್ಷದ ಹಿಂದಿನ ಸಂಜೆ ಕಣ್ಣಿಗೆ ಕಟ್ಟಿತು. ಆ ಸಂಜೆ ಫುಸಾನೊರಿ ಗಾಡಿಯಿಂದ ಇಳಿದ ರೀತಿ, ಗಂಡಸರು ಯಾರೆದುರೂ ತೆಗೆಯದ ಟೋಪಿಯನ್ನು ತಾನೇ ತೆಗೆದ ರೀತಿ. ಅತ್ಸು ನನ್ನ ಕೈ ಬಿಡಲಿಲ್ಲ.

ಕಾಮೆಮಾರು ಓಡಿಬಂದ. "ನಕ್ಕಿದ್ದು ಚಕ್ರವರ್ತಿಗಳು, ಅಮ್ಮ! ಕುದುರೆ ಇಷ್ಟು ಬೇಗ ಬಂತಲ್ಲ ಅಂತ ಎದ್ದು ನಿಂತು ಚಪ್ಪಾಳೆ ಹೊಡೆದ್ರಂತೆ. ಹೋದ ವರ್ಷ ಕಾದೂ ಕಾದೂ ನಿದ್ದೆ ಮಾಡಿದ್ರಂತಲ್ಲ!"

"ಮತ್ತೆ ಉಳಿದವರು?" ಅಂದೆ.

"ರಾಜಪ್ರತಿನಿಧಿಗಳು ಬಟ್ಟಲನ್ನ ಕೈಗೆತ್ತಿಕೊಳ್ಳಲೇ ಇಲ್ವಂತೆ, ಇದೇ ಕ್ರಮ ಅನ್ನೋ ಹಾಗೆ ಕುದುರೆ ನೋಡ್ತಾ ಕೂತಿದ್ರಂತೆ. ಅವರೇ ಸುಮ್ಮನಿದ್ಮೇಲೆ ಯಾರು ಬಾಯಿ ಬಿಡ್ತಾರೆ? ಕುದುರೆ ಹೋದ ಮೇಲೆ ನಮ್ಮವರು ಬಟ್ಟಲು ಕರೆದ್ರು. ಈಗ ಕುಡೀತಿದಾರೆ."

ಪಕ್ಕದ ಪರದೆಯಾಚೆ ಅತ್ಸು ಸೀನಿದಳು. ಅಳುತ್ತಿದ್ದಳೋ ಏನೋ, ಅವಳ ನೆಗಡಿಯಲ್ಲಿ ಗೊತ್ತಾಗುವುದಿಲ್ಲ.

"ನಿನ್ನ ಮಗ ಒಳ್ಳೆಯವನು ಅತ್ಸು" ಅಂದೆ.

"ಮಾತು ಕಡಿಮೆ" ಅಂದಳು.

ಮೊದಲ ತಿಂಗಳು, ೮

ಬೆಳಗಿನ ಬಿಸಿಲಿಗೆ ಮೊರೊಯಾಸು ಪಡಸಾಲೆಯಲ್ಲಿ ಕುಳಿತು, ತನ್ನ ಮೊದಲ ಉತ್ಸವದ ದಿನಚರಿ ಬರೆಯಲು ಹೊಸ ಸುರುಳಿ ಬಿಚ್ಚಿದ. ನಾನು ಮಸಿ ತೇಯ್ದೆ.

"ಮೆಟ್ಟಿಲಿಳಿಯುವಾಗ ಅಣ್ಣ ಪಕ್ಕಕ್ಕೆ ಬಂದ" ಅಂದ. ಅತ್ಸುವಿನ ಮಗನನ್ನು ಅಣ್ಣ ಎಂದು ಅವನು ಕರೆದದ್ದು ನಾನು ಕೇಳಿದ್ದು ಇದೇ ಮೊದಲು. "'ನನ್ನ ದಿನಚರೀಲಿ ಇದನ್ನ ಬರೀಲೇಬೇಕಾಗುತ್ತೆ, ಬೇಜಾರ್ ಮಾಡ್ಕೋಬೇಡ' ಅಂದ. 'ಬರಿ, ನಾನೂ ಬರೀತೀನಿ' ಅಂದೆ. ಅದಕ್ಕೆ ಅವನು, 'ಹಾಗಾದ್ರೆ ಮೂರನೇ ತಿಂಗಳ ಉತ್ಸವಕ್ಕೂ ನಿನ್ನ ಹೆಸರೇ ಹೇಳ್ತೀನಿ' ಅಂದ."

ತೇಯುವ ಕೈ ನಿಂತಿತು.

"ಬಟ್ಟಲು ಮರೆತವನ ಹೆಸರನ್ನಾ?"

"ನಾನೂ ಅದೇ ಕೇಳ್ದೆ. 'ಮರೆತದ್ದನ್ನ ಬರೆದಿಡೋರು ಎರಡನೇ ಸಲ ಮರೆಯಲ್ಲ' ಅಂದ."

ಬರೆದು ಮುಗಿಸಿ ನನ್ನ ಕೈಗೆ ಕೊಟ್ಟ. ಕ್ರಮ ಕ್ರಮವಾಗಿ ಎಲ್ಲ ಇತ್ತು. ನಡುವೆ, ಬೇರೆ ಅಕ್ಷರಗಳಷ್ಟೇ ದಪ್ಪದಲ್ಲಿ: "ಮೊದಲ ಬಟ್ಟಲಿಗೆ ಮುಂಚೆ ಕುದುರೆಗಳನ್ನು ಕರೆದೆ. ಇದು ನನ್ನ ತಪ್ಪು. ರಾಜಪ್ರತಿನಿಧಿಗಳು ತಾಳ್ಮೆಯಿಂದ ಕಾದರು. ಮಕ್ಕಳು ಅನುಸರಿಸಬಾರದು." ಅದರ ಕೆಳಗೆ ಇನ್ನೊಂದು ಸಾಲು: "ಈ ಉತ್ಸವದ ಕ್ರಮವನ್ನು ನನಗೆ ಕಲಿಸಿದವರು ನನ್ನ ಸೋದರತ್ತೆ. ಮುತ್ತಜ್ಜನ ದಿನಚರಿ ಈ ಮನೆಯಲ್ಲಿ ಉಳಿದದ್ದು ಅವರ ಕೈಯಿಂದ."

"ಗಂಡಸರ ದಿನಚರಿಯಲ್ಲಿ ಇಂಥದ್ದನ್ನು ಬರೆಯೋದಿಲ್ಲ" ಅಂದೆ.

"ಬರೆದಾಯ್ತಲ್ಲ."

"ನಾಳೆ ನಿನ್ನ ಮೊಮ್ಮಕ್ಕಳು ಓದಿ ನಕ್ಕಾರು."

"ನಗಲಿ. ಅವರ ಅತ್ತೆಯಂದಿರೂ ಓದಲಿ ಅಂತಲೇ ಬರೆದಿದ್ದು."

ಪ್ರತಿ ಮಾಡುತ್ತೇನೆಂದು ಸುರುಳಿಯನ್ನು ಈಚೆಗೆ ತಂದೆ. ಒಂದು ನಮ್ಮ ಪೆಟ್ಟಿಗೆಗೆ, ಒಂದು ಅತ್ಸುವಿಗೆ. ಎರಡನೆಯದು ಯಾರಿಗೆಂದು ತಿಳಿದಾಗ ಓಮಿ ಬಾಯಿ ಮೇಲೆ ಕೈಯಿಟ್ಟಳು. "ನಮ್ಮನೆ ದಿನಚರಿ ತಾನಾಗೇ ಆ ಮನೆಗೆ ಹೋಗೋದು ಈ ಕಿವಿ ಎಂದೂ ಕೇಳಿಲ್ಲ."

"ಈಗ ಕೇಳಿತಲ್ಲ. ಹೊಸ ಹಾಳೆ ತಾ, ಒಳ್ಳೆಯದು."

ಕಣ್ಣು ಮಂಜಾಗಿದೆ, ಆದರೂ ಅಕ್ಷರ ಇಂದು ಸೊಟ್ಟಗಾಗಲಿಲ್ಲ. ತಪ್ಪಿನ ಸಾಲನ್ನು ಬರೆದೆ. ಅದರ ಕೆಳಗಿನ ಸಾಲಿಗೆ ಬಂದಾಗ, ಇದೊಂದನ್ನು ಬಿಟ್ಟರೆ ಯಾರಿಗೆ ನಷ್ಟ ಎಂದು ಮನಸ್ಸು ಒಂದು ಗಳಿಗೆ ಹೇಳಿತು. ಬಿಡಲಿಲ್ಲ. ಎರಡು ಪ್ರತಿಯಲ್ಲೂ ಬರೆದೆ.